ಹೇಳಿದ ಮಾತು ಕೇಳಿದ ದಿನ

"ಬಿಸಿಲಿದೆ ಪುಟ್ಟಿ, ಟೋಪಿ ಹಾಕ್ಕೋ" ಅಂದರು ಹೆಡ್‌ಮಿಸ್ ಕ್ಯಾವನಾ. ಮಾರ್ನಿ ಟೋಪಿ ಹಾಕಿಕೊಂಡಳು.

ಆದದ್ದು ಅಷ್ಟೇ. ಹೊಸ ಶಾಲೆ ನೋಡಲು ಬಂದ ಏಳು ವರ್ಷದ ಹುಡುಗಿ, ಶಾಲೆಯವರೇ ಕೊಟ್ಟ ಅಗಲ ಅಂಚಿನ ನೀಲಿ ಟೋಪಿ, ಟೋಪಿ ಇಲ್ಲದವರಿಗೆ ಆಟವಿಲ್ಲ ಅನ್ನೋ ಮಾಮೂಲಿ ಕಟ್ಟಳೆ. ಅಪ್ಪ ಹೀತ್ ಹೆಂಡತಿಯ ಮೊಣಕೈ ತಿವಿದು, ನೋಡಿದೆಯಾ ಅನ್ನುವಂತೆ ಕಣ್ಣರಳಿಸಿದ. ಹೀತ್‌ನ ತಾಯಿ, ಅಜ್ಜಿ ಗ್ಲೆನಿಸ್‌ಗಂತೂ ಕಣ್ಣಲ್ಲಿ ನೀರೇ ಬಂತು. ಅಮ್ಮ ಜನೆಲ್ ಒಬ್ಬಳಿಗೆ ಮಾತ್ರ ಅಲ್ಲಿ ಬೇಸಿಗೆ ಶುರುವಾಗುವ ನವೆಂಬರಿನ ಆ ಉರಿಯಲ್ಲೂ ಅಂಗೈ ತಣ್ಣಗಾಯಿತು.

ಮನೆಯಲ್ಲಿ ಮಾರ್ನಿಗೆ ಯಾರೂ ಏನನ್ನೂ ಮಾಡು ಅನ್ನುವುದಿಲ್ಲ. ಅಂದರೆ ಮುಗಿಯಿತು. ತಿನ್ನು, ಬಾ, ಹಲ್ಲುಜ್ಜು, ಇಷ್ಟು ಸಣ್ಣ ಮಾತೂ ಅವಳ ಮೈಗೆ ಹುಚ್ಚುನಾಯಿ ಅಟ್ಟಿಸಿಕೊಂಡು ಬಂದ ಹಾಗೆ. ತಾನೇ ಕೇಳಿದ ಐಸ್‌ಕ್ರೀಮನ್ನೂ "ತಗೋ" ಅಂದರೆ ತಗೊಳ್ಳಲಾರಳು. ಅದು ಕರಗುವುದನ್ನು ನೋಡುತ್ತ, ಕೈ ಚಾಚಲಾಗದೆ ಅಳುತ್ತಾಳೆ. ಆಟಿಸಂನಲ್ಲಿ ಇದೂ ಒಂದು ಬಗೆ, ಹಟವಲ್ಲ, ಭಯ, ಅಂದಿದ್ದರು ಅಡಿಲೇಡಿನ ಡಾಕ್ಟರು. ಹಾಗಾಗಿ ಜನೆಲ್ ಗೋಡೆಗೆ ಹೇಳುವವಳಂತೆ ಹೇಳುತ್ತಾಳೆ, "ಒಂದು ಷೂ ಸಿಕ್ತು, ಇನ್ನೊಂದು ಎಲ್ಲಿಗೆ ಓಡಿಹೋಯ್ತೋ." ಹೀತ್ ಇನ್ನೂ ಒಂದು ಹೆಜ್ಜೆ ಮುಂದೆ. "ನಾನಂತೂ ಇವತ್ತು ಬರಿಗಾಲಲ್ಲೇ ಟ್ರಕ್ ಓಡಿಸ್ತೀನಪ್ಪ." "ಅಪ್ಪಾ, ಪೊಲೀಸ್ ಹಿಡೀತಾರೆ!" ಅಂತ ಬೈಯುತ್ತ ಮಗಳು ಇಬ್ಬರ ಷೂನೂ ಹುಡುಕಿ ತರುತ್ತಾಳೆ. ಕೆಲವು ದಿನ ತರುತ್ತಾಳೆ. ಕೆಲವು ದಿನ ಷೂ ಕಿಟಕಿಯಾಚೆ ಹೋಗುತ್ತದೆ.

ಅಂಥವಳು ಗುರುತಿಲ್ಲದ ಹೆಂಗಸಿನ ಒಂದು ಮಾತಿಗೆ ಟೋಪಿ ಹಾಕಿಕೊಂಡಳು. "ಥ್ಯಾಂಕ್ಯೂ ಮಿಸ್" ಅಂತಲೂ ಅಂದಳು. ಆ ಸಪ್ಪೆ ಸ್ವರ ಜನೆಲ್‌ಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿನ ಶಾಲೆಯಲ್ಲಿ ಎರಡು ವರ್ಷ ಮಾರ್ನಿ ಮಾತಾಡಿದ್ದು ಆ ಸ್ವರದಲ್ಲೇ. ಟೀಚರುಗಳು ಹಾಡಿ ಹೊಗಳಿದರು. ಸಂಜೆ ಕಾರಿನ ಬಾಗಿಲು ಮುಚ್ಚಿದ ಕೂಡಲೇ ಶುರುವಾಗುತ್ತಿತ್ತು ಕಿರುಚಾಟ, ಸೀಟಿಗೆ ಒದೆತ, ತನ್ನ ತೋಳನ್ನು ತಾನೇ ಕಚ್ಚಿಕೊಳ್ಳುವುದು. ಜನೆಲ್ ಹೋಗಿ ಹೇಳಿಕೊಂಡರೆ, "ನಮ್ಮ ಹತ್ರ ಚಿನ್ನದಂಥ ಮಗು. ಮನೇಲಿ ಏನಾದ್ರೂ ತೊಂದ್ರೆನಾ?" ಅಂತ ತಲೆ ಓರೆ ಮಾಡಿ ಕೇಳಿದರು. ಉಸಿರು ಬಿಗಿಹಿಡಿದು ಕೂತ ಮಗುವಿಗೆ ಸ್ಟಿಕ್ಕರ್ ಅಂಟಿಸಿ, ಆ ಉಸಿರು ಬಿಟ್ಟ ಮನೆಯ ಮೇಲೆ ಗುಮಾನಿ ಪಡುವವರಿಗೆ ಏನು ಹೇಳೋಣ? ಗಲಾಟೆ ಮಾಡದ ಮಗು ಸುಖವಾಗಿದೆ ಅಂತ ನಂಬಿಬಿಟ್ಟರೆ ದೊಡ್ಡವರಿಗೆ ಎಷ್ಟು ಆರಾಮು! ಕೊನೆಗೆ ಈ ಆಗಸ್ಟಿನ ಒಂದು ಬೆಳಗ್ಗೆ ಮಾರ್ನಿ ಯೂನಿಫಾರಂ ಹಾಕಿಕೊಂಡೇ ಹೋಗಿ ವಾಷಿಂಗ್ ಮೆಷಿನ್ನಿನ ಸಂದಿಗೆ ಸೇರಿಕೊಂಡಳು. ಮಾತು ನಿಂತುಹೋಗಿತ್ತು. ಮತ್ತೆ ಬಾಯಿ ಬಿಡುವ ಹೊತ್ತಿಗೆ ಚಳಿಗಾಲ ಕಳೆದು ದ್ರಾಕ್ಷಿ ಬಳ್ಳಿಗಳು ಚಿಗುರಿ ಎಲೆಯಾಗಿದ್ದವು.

ಈಗ ಶಿಕ್ಷಣ ಇಲಾಖೆಯವರ ಫೋನಿನ ಮೇಲೆ ಫೋನು, ಜನವರಿಗೆ ಶುರುವಾಗುವ ಹೊಸ ಶಾಲಾ ವರ್ಷಕ್ಕೆ ಎಲ್ಲಾದರೂ ಸೇರಿಸಲೇಬೇಕು ಅಂತ. ಇದ್ದದ್ದು ಎರಡೇ ದಾರಿ. ಒಂದು, ಪಟ್ಟಣದ ಈ ದೊಡ್ಡ ಶಾಲೆ. ಇಂಥ ಮಕ್ಕಳಿಗೆಂದೇ ಮಂದ ಬೆಳಕಿನ ಕೋಣೆ, ಉಯ್ಯಾಲೆ, ತರಬೇತಾದ ಸಹಾಯಕಿಯರು, ಸುತ್ತ ಆಳೆತ್ತರದ ಬೇಲಿ. ಸೀಟು ಸೋಮವಾರದವರೆಗೆ ಕಾದಿರುತ್ತದೆ, ಆಮೇಲೆ ಸರತಿಯಲ್ಲಿರುವ ಮಗುವಿಗೆ. ಇನ್ನೊಂದು, ಕಿತ್ತಳೆ ತೋಟಗಳಾಚೆ ಮರ್ರೆ ನದಿಯ ದಂಡೆಯ ಪುಟ್ಟ ಶಾಲೆ. ಇಪ್ಪತ್ತು ಚಿಲ್ಲರೆ ಮಕ್ಕಳು, ಇಬ್ಬರು ಟೀಚರು, ವಿಶೇಷ ಅನ್ನುವಂಥದ್ದು ಏನೂ ಇಲ್ಲ.

ದೊಡ್ಡ ಶಾಲೆಯಿಂದ ಮರಳುವಾಗ ಕಾರಿನಲ್ಲಿ ಗ್ಲೆನಿಸ್ ಬಾಯಿಗೆ ಬಿಡುವಿರಲಿಲ್ಲ. "ನಾನು ಮೊದ್ಲೇ ಹೇಳ್ಲಿಲ್ವಾ? ನೀವಿಬ್ರೂ ಅವಳನ್ನ ಮೊಟ್ಟೆ ಥರ ಅಂಗೈಲಿ ಇಟ್ಕೊಂಡು ಓಡಾಡ್ತೀರಿ. ಗಟ್ಟಿಯಾಗಿ ಹೇಳೋರಿದ್ರೆ ಹೇಗೆ ಕೇಳಿದ್ಲು ನೋಡಿ!"

"ಗ್ಲೆನಿಸ್, ಸ್ವಲ್ಪ ಸುಮ್ನಿರ್ತೀರಾ?" ಅಂದಳು ಜನೆಲ್. ಹಿಂದಿನ ಸೀಟಿನಲ್ಲಿ ಮಾರ್ನಿ ಕಿರುಚಲಿಲ್ಲ, ಒದೆಯಲಿಲ್ಲ. ಕಿಟಕಿಯಾಚೆಗೂ ನೋಡುತ್ತಿರಲಿಲ್ಲ.

ಮನೆಗೆ ಬಂದವಳೇ ಬಟ್ಟೆ ಬೀರುವಿನೊಳಗೆ ಹೋಗಿ ಕೂತಳು. ದಣಿವು ಅಷ್ಟೇ, ಬಿಡು, ಅಂದ ಹೀತ್. ಹೊತ್ತು ಇಳಿಯುವವರೆಗೂ ಬಿಟ್ಟರು. ಜನೆಲ್ ಬಾಗಿಲು ಸರಿಸಿದಾಗ ಒಳಗೆ ಕತ್ತಲು, ಧಗೆ. ಮಗು ಬೆವರಿ ತೊಪ್ಪೆಯಾಗಿತ್ತು. ನೀಲಿ ಟೋಪಿ ಇನ್ನೂ ತಲೆಯ ಮೇಲೇ ಇತ್ತು. ಗಲ್ಲದಡಿಯ ದಾರವನ್ನು ಕಚ್ಚಿ ಕಚ್ಚಿ ನಾರು ಮಾಡಿದ್ದಳು.

"ಈಗ ತೆಗೀಬಹುದಾ ಅಮ್ಮ?" ಅಂದಳು ಮಾರ್ನಿ, ಅದೇ ಸಪ್ಪೆ ಸ್ವರದಲ್ಲಿ.

ಜನೆಲ್ ಬೀರುವಿನೊಳಗೆ ಬಗ್ಗಿ ಟೋಪಿ ತೆಗೆದಳು.

ಶುಕ್ರವಾರ ನದಿ ದಂಡೆಯ ಶಾಲೆ. ಅಲ್ಲಿ ಮಾರ್ನಿ ಕಾರಿಂದ ಇಳಿಯಲೊಲ್ಲೆ ಅಂದಳು. ಟೀಚರ್ ಟ್ರೂಡಿ ಬಂದವಳು ಹುಡುಗಿಯ ಕಡೆ ನೋಡಲೂ ಇಲ್ಲ. ಬಾನೆಟ್ಟಿಗೆ ಒರಗಿ, ಶಾಲೆಯ ತೊಟ್ಟಿಯಲ್ಲಿ ಆಮೆಯೊಂದು ಊಟ ಬಿಟ್ಟಿದೆ ಅಂತ ಹೀತ್‌ನ ಹತ್ತಿರ ದೂರು ಹೇಳುತ್ತ ನಿಂತಳು. ಮಾರ್ನಿ ತಾನಾಗಿ ಇಳಿದು, ಆಮೆ ನೋಡಿ, ತರಗತಿಗೆ ನುಗ್ಗಿ ಮೇಜಿನಡಿ ಸೇರಿಕೊಂಡಳು. ಬಣ್ಣದ ಪೆನ್ಸಿಲ್ಲಿನ ಡಬ್ಬಿ ಹಾರಿಬಂತು. ಹಿಂದೆಯೇ ಬೈಗುಳ, "ಹೋಗಾಚೆ, ಮುದಿ ಹೆಜ್ಜಾರ್ಲೆ!"

"ಅಯ್ಯೋ ದೇವರೇ" ಅಂದಳು ಗ್ಲೆನಿಸ್.

"ಹೆಜ್ಜಾರ್ಲೆ ಹಕ್ಕಿಯಾದ್ರೆ ಪರವಾಗಿಲ್ಲ, ಹೋದ ವರ್ಷ ಒಬ್ಬ ಒಂಟೆ ಅಂದಿದ್ದ" ಅಂದಳು ಟ್ರೂಡಿ, ಪೆನ್ಸಿಲ್ ಆರಿಸುತ್ತ. ಹೀತ್‌ನ ಮುಖ ಮಾತ್ರ ಕೆಂಪಾಯಿತು. ಊರ ಎದುರು ಮಗಳು ಹೀಗಾಡಿದರೆ ಯಾವ ಅಪ್ಪನಿಗೆ ತಡೆದೀತು? ಬಗ್ಗಿ, ಹಲ್ಲು ಕಚ್ಚಿ ಅಂದುಬಿಟ್ಟ, "ಹೊರಗೆ ಬಾ. ಈಗ್ಲೇ."

ಮಾರ್ನಿ ಬಂದಳು, ಬಂದವಳು ನಿಲ್ಲಲಿಲ್ಲ. ಬಾಗಿಲು, ವರಾಂಡ, ಹುಲ್ಲು, ಆಮೇಲೆ ಇಳಿಜಾರು. ಶಾಲೆಗೂ ನದಿಗೂ ನಡುವೆ ಬೇಲಿ ಇರಲಿಲ್ಲ. ಹೀತ್ ಬಿದ್ದೆನೋ ಎದ್ದೆನೋ ಅಂತ ಓಡಿದ. ಜನೆಲ್‌ಗೆ ಕೂಗಲೂ ಆಗಲಿಲ್ಲ. ನಿಲ್ಲು ಅಂದರೆ ಇನ್ನೂ ಜೋರಾಗಿ ಓಡುವ ಮಗುವಿಗೆ ಏನಂತ ಕೂಗುವುದು? ಜೊಂಡಿನ ನಡುವೆ, ಮಂಡಿಮಟ್ಟ ಕೆಸರಿನಲ್ಲಿ ಹೀತ್ ಅವಳ ಅಂಗಿ ಹಿಡಿದ. ಅಲ್ಲಿಂದ ಮುಂದೆ ಆಳ.

ಟ್ರೂಡಿ ಏದುಸಿರು ಬಿಡುತ್ತ ಬಂದಳು. ಮುಖ ಸುಣ್ಣವಾಗಿತ್ತು. "ಬೇಲಿ ಹಾಕಿಸಿ ಅಂತ ಕೇಳಿ ಕೇಳಿ ಸಾಕಾಗಿದೆ. ಸುಳ್ಳು ಹೇಳಲ್ಲ ಕಣಮ್ಮ, ಇಂಥ ಮಗುವನ್ನ ನಾನು ನೋಡ್ಕೊಂಡವಳಲ್ಲ. ಆಗುತ್ತೋ ಇಲ್ವೋ ಗೊತ್ತಿಲ್ಲ. ಮೊದಲ ಕೆಲವು ತಿಂಗಳು ಕಷ್ಟಾನೇ ಇರುತ್ತೆ."

ಮರಳುವಾಗ ಕಾರಿನ ತುಂಬ ಕೆಸರು, ಮಾರ್ನಿಯ ಮಾತು. "ನಾನು ನಾಳೆ ಹೋಗಲ್ಲ. ನಾಡಿದ್ದೂ ಹೋಗಲ್ಲ. ಆ ಆಮೆಗೆ ಅವರು ಹಾಕ್ತಿರೋ ಊಟಾನೇ ಸರಿ ಇಲ್ಲ, ಪೆದ್ದರು. ಅಪ್ಪ ನಂಗೆ ಬೈದ. ಅಪ್ಪನ ಷೂ ನದೀಲಿ ಹೋಯ್ತು, ಒಳ್ಳೇದಾಯ್ತು." ಜನೆಲ್ ಒಂದೊಂದು ಮಾತನ್ನೂ, ಮಗುವಿನ ಉಸಿರು ಎಣಿಸುವವಳಂತೆ ಕೇಳಿಸಿಕೊಂಡಳು.

ಭಾನುವಾರ ಹೀತ್ ಕೇಳಿಯೇಬಿಟ್ಟ. "ಅವಳು ಚೆನ್ನಾಗಿದ್ರೂ ಹೆದರ್ತೀಯ, ಕೆಟ್ಟದಾಗಿದ್ರೂ ಹೆದರ್ತೀಯ. ನಿನಗೆ ಏನು ಬೇಕು ಹೇಳು ಜನೆಲ್. ಒಂದು ಕಡೆ ಎಲ್ಲಾ ಇದೆ. ಇನ್ನೊಂದು ಕಡೆ ಆ ಟೀಚರಿಗೇ ಆಗುತ್ತೋ ಇಲ್ವೋ ಗೊತ್ತಿಲ್ಲವಂತೆ! ನೀರಿಗೆ ಬಿದ್ದಿದ್ರೆ?"

"ಕಣ್ಣು ಮುಚ್ಚಿದ್ರೆ ನಂಗೂ ಆ ನೀರೇ ಕಾಣ್ತಿದೆ."

"ಮತ್ತೆ?"

"ಅಲ್ಲಿ ಓಡಿದ್ಲು, ಎಲ್ಲರೂ ನೋಡಿದ್ರು, ಎಲ್ಲರೂ ಓಡಿದ್ರು. ಪಟ್ಟಣದ ಶಾಲೇಲಿ ಅವಳಿಗೆ ಏನಾಗ್ತಿದೆ ಅಂತ ಒಬ್ಬರಿಗೂ ಕಾಣಲ್ಲ ಹೀತ್. ಮತ್ತೆ ಒಂದು ಆಗಸ್ಟ್ ಬರೋ ತನಕ."

ಹೀತ್ ಒಪ್ಪಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಎದ್ದು ಹೊರಗೆ ಹೋದ.

ಸೋಮವಾರ ಜನೆಲ್ ಫೋನು ಮಾಡಿ ಸೀಟು ಬೇಡ ಅಂದಳು. ಹೆಡ್‌ಮಿಸ್ ಕ್ಯಾವನಾ ಕೆಟ್ಟವರಲ್ಲ, ನಿಜವಾಗಿಯೂ ನೊಂದುಕೊಂಡರು. "ಎಷ್ಟು ಚೆನ್ನಾಗಿ ಹೊಂದ್ಕೊಂಡಿದ್ಲಲ್ಲಮ್ಮ! ನಾವೇನಾದ್ರೂ ತಪ್ಪು ಮಾಡಿದ್ವಾ?" ಜನೆಲ್ ಬೀರುವಿನ ಸಂಗತಿ ಹೇಳಿದಳು. "ನಮಗೆ ಅಂಥದ್ದೇನೂ ಕಾಣಿಸ್ಲೇ ಇಲ್ಲ" ಅಂದರು. ಫೋನು ಇಟ್ಟ ಮರುಕ್ಷಣ ಜನೆಲ್‌ಗೆ ಮತ್ತೆ ಹಚ್ಚಿ, ತಪ್ಪಾಯ್ತು, ಸೀಟು ಇರಲಿ, ಅನ್ನಬೇಕೆನ್ನಿಸಿತು. ಫೋನನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಹೋದಳು.

ಡಿಸೆಂಬರಿನ ಮೊದಲ ಶನಿವಾರ ನದಿ ದಂಡೆಯ ಶಾಲೆಯಲ್ಲಿ ಶ್ರಮದಾನ. ಹುಲ್ಲು ಸವರಿ, ಗೋಡೆಗೆ ಬಣ್ಣ ಬಳಿದು, ಮಧ್ಯಾಹ್ನ ಎಲ್ಲರೂ ಸಾಸೇಜ್ ಸುಟ್ಟು ತಿನ್ನುವುದು ವರ್ಷವೂ ನಡೆಯುವುದೇ. ಈ ಸಲ ಹೀತ್ ಯಾರಿಗೂ ಹೇಳದೆ ಕಂಬ, ತಂತಿ ತುಂಬಿಕೊಂಡು ಬಂದಿದ್ದ. ಗ್ಲೆನಿಸ್ ಮುಖ ಗಂಟಿಕ್ಕಿಕೊಂಡೇ ಮೊಳೆ ಹಿಡಿದು ಕೊಡುತ್ತಿದ್ದಳು. "ಇಲಾಖೆ ಮಾಡಬೇಕಾದ್ದನ್ನ ಮಗುವಿನ ಅಪ್ಪ ಮಾಡಬೇಕು. ಚೆನ್ನಾಗಿದೆ." ಆ ಒಂದು ವಿಷಯದಲ್ಲಿ ಮುದುಕಿಯ ಮಾತು ಸರಿಯಿತ್ತು. ಮಾರ್ನಿ ತೊಟ್ಟಿಯ ಕಟ್ಟೆ ಹತ್ತಿ, "ಅಪ್ಪಾ, ಸೊಟ್ಟ! ಮೂರನೇದು ಪೂರ್ತಿ ಸೊಟ್ಟ!" ಅಂತ ಕೂಗಿ ಕೂಗಿ ಹೇಳುತ್ತಿದ್ದಳು.

ಸಂಜೆಗೆ ತಂತಿ ಮುಗಿಯಿತು. ಬೇಲಿ ಇನ್ನೂ ಆ ತುದಿ ಮುಟ್ಟಿರಲಿಲ್ಲ. ಉಳಿದದ್ದು ಶಾಲೆ ಶುರುವಾಗುವುದರೊಳಗೆ ಆಗುತ್ತದೆ ಅಂದ ಹೀತ್. ಎಲ್ಲರೂ ಕೈ ತೊಳೆಯಲು ಹೋದರು. ಜನೆಲ್ ಹೋಗಲಿಲ್ಲ. ಬೇಲಿ ನಿಂತುಹೋದ ಜಾಗದಲ್ಲಿ, ನೀರಿಗೆ ಬೆನ್ನು ಮಾಡಿ, ಮಗಳ ಮೇಲೆ ಕಣ್ಣಿಟ್ಟು ನಿಂತೇ ಇದ್ದಳು.