ಮೂಗಿನ ದನಿಯವನು ಮತ್ತು ನನ್ನ ನೆಟ್‌ವರ್ಕ್

ಮಾತು ತಡೆದಾಗಲೆಲ್ಲ ನಾನು ಕ್ಯಾಮೆರಾ ಮುಂದೆ ಕಲ್ಲಿನಂತೆ ಕೂತುಬಿಡುತ್ತಿದ್ದೆ. ಕಣ್ಣು ಮಿಟುಕಿಸುತ್ತಿರಲಿಲ್ಲ, ತುಟಿ ಅಲ್ಲಾಡಿಸುತ್ತಿರಲಿಲ್ಲ. ಡಚ್ಚರ ನಾಡಿನ ಟಿಲ್‌ಬರ್ಗ್ ಊರಿನ ನಮ್ಮ ಸರಕು ಸಾಗಣೆ ಕಂಪನಿಯವರು, ಪಾಪ, ಇವಳ ನೆಟ್‌ವರ್ಕ್ ಮತ್ತೆ ನಿಂತಿತು ಎಂದುಕೊಳ್ಳುತ್ತಿದ್ದರು. ಪದ ಬಾಯಿಗೆ ಬಂದ ಕೂಡಲೇ ಏನೂ ಆಗದವಳಂತೆ ಮುಂದುವರಿಸುತ್ತಿದ್ದೆ. ಚಿಕ್ಕಂದಿನಿಂದ ತೊದಲುವವಳು ನಾನು. ಆಫೀಸಿನಲ್ಲಿ ಕೆಮ್ಮಿ, ನೀರು ಕುಡಿದು ಹೇಗೋ ಮುಚ್ಚಿಟ್ಟುಕೊಂಡಿದ್ದೆ. ಲಾಕ್‌ಡೌನ್ ಬಂದು ಎಲ್ಲರೂ ಮನೆಯಿಂದ ಕೆಲಸ ಶುರುಮಾಡಿದ ಮೇಲೆ ದೇವರೇ ಕೊಟ್ಟಂಥ ನೆಪ ಸಿಕ್ಕಿತ್ತು. ಒಂದು ವರ್ಷ ಅದರಲ್ಲೇ ದೂಡಿದೆ.

ಕೊನೆಗೆ ಆ ನೆಪವೇ ಕುತ್ತಿಗೆಗೆ ಬಂತು. ನಮ್ಮ ಮ್ಯಾನೇಜರ್ ಒಳ್ಳೆಯ ಮನುಷ್ಯ. ಮೊದಲು ಹೊಸ ಮೋಡೆಮ್ ಕಳಿಸಿಕೊಟ್ಟರು. ಅದರಿಂದಲೂ ಸರಿಹೋಗದಿದ್ದಾಗ, ಶುಕ್ರವಾರ ಗ್ರಾಹಕರ ಮುಂದೆ ನಮ್ಮ ಯೋಜನೆಯನ್ನು ಬೇರೊಬ್ಬರು ವಿವರಿಸಲಿ ಎಂದರು. ಯಾವ ಲಾರಿ ಯಾವ ದಾರಿಯಲ್ಲಿ ಹೋಗಬೇಕೆಂದು ತಿಂಗಳುಗಟ್ಟಲೆ ಕೂತು ಲೆಕ್ಕ ಹಾಕಿದವಳು ನಾನು. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ.

ಅದೇ ವಾರ ನನ್ನ ಹನ್ನೊಂದು ವರ್ಷದ ಮಗಳ 'ಸ್ಪ್ರೇಕ್‌ಬ್ಯೂರ್ಟ್' ಇತ್ತು. ಇಲ್ಲಿನ ಶಾಲೆಗಳಲ್ಲಿ ಪ್ರತಿ ಮಗುವೂ ತನಗಿಷ್ಟವಾದ ವಿಷಯದ ಮೇಲೆ ತರಗತಿಯ ಮುಂದೆ ಮಾತಾಡಲೇಬೇಕು. ಶಾಲೆ ಮುಚ್ಚಿದ್ದರಿಂದ ಅದೂ ಲ್ಯಾಪ್‌ಟಾಪಿನಲ್ಲೇ ನಡೆಯಬೇಕಿತ್ತು. ಅವಳು ಆರಿಸಿಕೊಂಡದ್ದು ನನ್ನ ಹಳೇ ಕ್ಯಾಸೆಟ್ಟಿನ ಲ್ಯಾಟಿನೋ ಹಿಪ್-ಹಾಪ್ ತಂಡವನ್ನು.

"ಮೊಲನೋ ಕುದುರೆನೋ ತಗೊಳ್ಳೇ" ಎಂದೆ.

"ನೋ ಅಮ್ಮ, ಎವ್ರಿಬಡಿ ಮೊಲಾನೇ ಮಾಡಿದಾರೆ."

ಆ ಕ್ಯಾಸೆಟ್ ಬೆಂಗಳೂರಿನ ಹಾಸ್ಟೆಲಿನಲ್ಲಿ ರೂಂಮೇಟ್ ಒಬ್ಬಳು ನನಗೆ ಬಿಟ್ಟುಹೋದದ್ದು. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿತ್ತು, ನಡುವೆ ಬರುವ ಸ್ಪ್ಯಾನಿಷ್ ಒಂದಕ್ಷರವೂ ಇಲ್ಲ. ಹಿಂದಕ್ಕೆ ತಿರುಗಿಸಿ ತಿರುಗಿಸಿ ಬಾಯಿಪಾಠ ಮಾಡಿದ್ದೆ. ಅವರ ಜೊತೆ ಹೇಳುವಾಗ ನಾಲಿಗೆ ಎಲ್ಲೂ ತಡೆಯುತ್ತಿರಲಿಲ್ಲ. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಬುಧವಾರ ಬೆಳಿಗ್ಗೆ ಮಗಳು ಊಟದ ಮೇಜಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಡಚ್ಚಿನಲ್ಲಿ ಶುರುಮಾಡಿದಳು. ನಾನು ಪಕ್ಕದಲ್ಲಿ, ಕ್ಯಾಮೆರಾಗೆ ಕಾಣದಂತೆ ಕೂತಿದ್ದೆ. ಆ ತಂಡದವರು ಲಾಸ್ ಏಂಜಲೀಸ್ ಪಕ್ಕದ ಬೀದಿಗಳಲ್ಲಿ ಬೆಳೆದವರಂತೆ. ಮನೆಯವರ ಬೇರು ಕ್ಯೂಬಾ, ಮೆಕ್ಸಿಕೋ ಕಡೆಯದು. ಅವರಂಥವರ ಹಿಪ್-ಹಾಪನ್ನು ಯಾರು ಕೊಳ್ಳುತ್ತಾರೆ ಎನ್ನುವ ಕಾಲದಲ್ಲಿ ಅವರ ರೆಕಾರ್ಡು ಲಕ್ಷಗಟ್ಟಲೆ ಮಾರಿಹೋಯಿತು. ಆಮೇಲೆ ರಾಕ್ ಗಿಟಾರನ್ನೂ ಒಳಗೆ ಕರೆದುಕೊಂಡರು, ಸ್ಪ್ಯಾನಿಷಿನಲ್ಲೇ ಹಾಡಿದರು. ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ ಆಡುವ ಎಷ್ಟೋ ಮಕ್ಕಳು ಎರಡನ್ನೂ ಸೇರಿಸಿ ಹಾಡಬಹುದೆಂದು ಅವರಿಂದ ಧೈರ್ಯ ತಂದುಕೊಂಡರು. ಪರದೆಯ ಮೇಲೆ ಮೊರೊಕ್ಕೋ ಮೂಲದ ಹುಡುಗಿಯೊಬ್ಬಳು ಜೋರಾಗಿ ತಲೆಯಾಡಿಸಿದಳು. ನಾನು ಬರೀ ಹಾಡು ಕೇಳಿಕೊಂಡಿದ್ದೆ. ನಾಲ್ಕು ಜನ ಸೇರಿ ಇಷ್ಟು ದೂರ ಬಂದಿದ್ದಾರಲ್ಲ ಎಂದು ಬೆರಗಾಯಿತು.

ಆಮೇಲೆ ಅವಳು ಮುಖ್ಯ ಹಾಡುಗಾರನ ವಿಷಯಕ್ಕೆ ಬಂದಳು. ಅವನ ಮೊದಲಿನ ದನಿ ತಂಡಕ್ಕೆ ಹಿಡಿಸಲಿಲ್ಲವಂತೆ. ಮೂಗಿನಿಂದ ಕೀರಲು ದನಿ ತೆಗೆದ. ಜನ ನಗುತ್ತಾರೆಂಬ ಅಳುಕು ಅವನಿಗೂ ಇತ್ತು. ಆದರೂ ಅದನ್ನೇ ಎಲ್ಲಕ್ಕಿಂತ ಮುಂದೆ ಇಟ್ಟ. ಇಪ್ಪತ್ತೈದು ವರ್ಷ ಆ ದನಿಯನ್ನು ಕೇಳಿಯೂ ಅದರ ಹಿಂದೆ ಅಂಜಿದ ಮನುಷ್ಯನೊಬ್ಬ ಇದ್ದಾನೆಂದು ನನಗೆ ಹೊಳೆದೇ ಇರಲಿಲ್ಲ.

ಇವರ ಹಾಡು ನಿನಗೆ ಹೇಗೆ ಗೊತ್ತು ಎಂದು ಸಹಪಾಠಿಯೊಬ್ಬ ಕೇಳಿದ.

"ನಮ್ಮಮ್ಮನಿಂದ. ಅವಳಿಗೆ ಪೂರ್ತಿ ಬಾಯಿಪಾಠ. ಅಮ್ಮ ತೊದಲ್ತಾಳೆ, ಅದರಲ್ಲಿ ಮಾತ್ರ ತೊದಲಲ್ಲ" ಎಂದಳು, ನಮ್ಮಮ್ಮ ಕನ್ನಡಕ ಹಾಕ್ತಾಳೆ ಎನ್ನುವಷ್ಟೇ ಸಲೀಸಾಗಿ.

ನಾನು ಪರದೆಯ ಮುಖಗಳನ್ನೆಲ್ಲ ಒಮ್ಮೆ ನೋಡಿದೆ. ಯಾರೂ ನಗಲಿಲ್ಲ. ಮುಂದಿನ ಪ್ರಶ್ನೆ ಅವರ ಟೋಪಿಗಳ ಬಗ್ಗೆ ಬಂತು.

ಅವತ್ತೇ ಮಧ್ಯಾಹ್ನ ಮ್ಯಾನೇಜರಿಗೆ ವಿಡಿಯೋ ಕರೆ ಮಾಡಿದೆ. "ನನ್ನ ನೆಟ್‌ವರ್ಕ್ ಚೆನ್ನಾಗೇ ಇದೆ. ನಾನು..." ಎಂದೆ. ಅಲ್ಲಿಗೆ ತಡೆಯಿತು. ಈ ಸಲ ಕಲ್ಲಾಗಲಿಲ್ಲ. ಕತ್ತಿನ ನರ ಉಬ್ಬಿತು, ಬಾಯಿ ಸೊಟ್ಟಗಾಯಿತು, ಕಣ್ಣು ಮುಚ್ಚಿಕೊಂಡಿತು. ಎಲ್ಲವೂ ಅವರ ಕಣ್ಣೆದುರಿಗೇ ಆಯಿತು. "ತೊದಲ್ತೀನಿ."

ಅವರು ಪರದೆಯ ಹತ್ತಿರಕ್ಕೆ ಬಗ್ಗಿದರು. "ಹಾಗಾದ್ರೆ ವರ್ಷಪೂರ್ತಿ ಅಲ್ಲಾಡದೆ ಕೂತಿದ್ರಾ?"

ಹೂಂ ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಶುಕ್ರವಾರ ನೀವೇ ಮಾತಾಡಿ. ಎಷ್ಟು ಹೊತ್ತು ಬೇಕು?"

ಇಪ್ಪತ್ತು ನಿಮಿಷದ ಮಾತಿಗೆ ನಲವತ್ತು ಕೇಳಿದೆ. ಶುಕ್ರವಾರ ಐವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಒಬ್ಬರೂ ನನ್ನ ವಾಕ್ಯವನ್ನು ತಾವು ಮುಗಿಸಿಕೊಡಲು ಬರಲಿಲ್ಲ.