ಹಿತ್ತಲಿನ ಇರುವೆಗಳು ಮನೆ ಖಾಲಿ ಮಾಡಿದ್ದು

ಕಳೆದ ಭಾನುವಾರ ಗುಬ್ಬಿಯ ನಮ್ಮ ಹಿತ್ತಲಲ್ಲಿ ಸಿಮೆಂಟ್ ಕಲಸಿ ರೆಡಿಯಾಗಿತ್ತು. ಹಾಕುವಂತಿರಲಿಲ್ಲ. ಕಾರಣ? ಇರುವೆ!

ಹಿತ್ತಲ ಕೆಸರಿನಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದ ನಮ್ಮ ಅತ್ತೆಯೇ ಹಟ ಹಿಡಿದು ಗಾರೆ ಕೆಲಸದ ರಿಯಾಜ್‌ನನ್ನು ಕರೆಸಿದ್ದರು. ಅಷ್ಟರಲ್ಲಿ ಕುಣಿಗಲ್‌ನಿಂದ ಅವರ ಮೊಮ್ಮಗಳು ಶ್ವೇತಾ ಬಂದಳು. (ನನ್ನ ನಾದಿನಿಯ ಮಗಳು. ತುಮಕೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ.) ಬಂದವಳೇ ಹಿತ್ತಲ ಆ ತುದಿಯ ಇರುವೆ ಗೂಡಿನ ಮುಂದೆ ಕೂತುಬಿಟ್ಟಳು.

“ಅಜ್ಜಿ, ಇದನ್ನ ಮುಚ್ಚಿಸ್ಬೇಡಿ. ಇವು ರಾಣಿ ಇಲ್ದಿರೋ ಇರುವೆ!”

“ರಾಣಿ ಇಲ್ದೆ ಸಂಸಾರ ಹೆಂಗೇ ನಡೀತದೆ?”

ಎಲ್ಲರೂ ಕೆಲಸದವರೇ ಅಂತೆ. ಹುಟ್ಟುವಾಗ ಪ್ರತಿಯೊಬ್ಬಳ ಬೆನ್ನ ಮೇಲೂ ಮೊಗ್ಗಿನಂಥ ಎರಡು ಪುಟ್ಟ ಅಂಗ. ಅವನ್ನು ಉಳಿಸಿಕೊಂಡ ಒಬ್ಬಳೇ ಮೊಟ್ಟೆಯಿಡುವವಳು. ಆಮೇಲೆ ಹುಟ್ಟಿದವರದ್ದನ್ನೆಲ್ಲ ಅವಳು ಕಚ್ಚಿ ಕಿತ್ತುಹಾಕುತ್ತಾಳೆ. ಇಲ್ಲಷ್ಟೇ ಅಲ್ಲ, ಶ್ರೀಲಂಕಾದಲ್ಲೂ ಇವೆಯಂತೆ.

“ಪಾಸ್‌ಪೋರ್ಟ್ ಇಲ್ದೆ?” ಅತ್ತೆ ನಕ್ಕರು.

“ಅಮ್ಮಾ, ಮಾಲು ಗಟ್ಟಿಯಾಗ್ತದೆ!” ರಿಯಾಜ್ ಕೂಗಿದ.

“ಬಾಗ್ಲ ಕಡೆಯಿಂದ ಶುರು ಮಾಡಪ್ಪಾ. ನೀನು ಇಲ್ಲಿಗೆ ಬರೋ ಹೊತ್ಗೆ ಇವು ಖಾಲಿ ಮಾಡ್ತವೆ.” ಅತ್ತೆ ತೀರ್ಪು ಕೊಟ್ಟರು.

ಮಾಡದಿದ್ದರೆ? ಶ್ವೇತಾಳ ಮುಖ ಸಣ್ಣಗಾಯಿತು.

ಅವಳು ಕಾಂಪೌಂಡ್ ಪಕ್ಕದ ಕರಿಬೇವಿನ ಗಿಡದಡಿ ಒಡೆದ ಮಡಕೆಗೆ ಹಸಿಮಣ್ಣು ತುಂಬಿಟ್ಟಳು. ಆಮೇಲೆ ಚಮಚದಿಂದ ಗೂಡಿನ ಬಾಯಿ ಮೆಲ್ಲಗೆ ಬಿಡಿಸಿದಳು. ಕಪ್ಪಿರುವೆಗಳು ಗಾಬರಿಯಿಂದ ಹೊರಬಂದವು. ಮಡಕೆಯ ಕಡೆ ಒಂದೂ ತಿರುಗಲಿಲ್ಲ. ಸಿಮೆಂಟ್ ಮಾತ್ರ ಹತ್ತಿರ ಹತ್ತಿರ ಬರುತ್ತಿತ್ತು.

ಕೊನೆಗೆ ಒಂದು ಇರುವೆ ಮಡಕೆಯೊಳಗೆ ಇಣುಕಿತು. ವಾಪಸ್ ಬಂದು ಇನ್ನೊಂದನ್ನು ಕರೆದುಕೊಂಡು ಹೊರಟಿತು. ಹಿಂದಿನದು ಮುಂದಿನದನ್ನು ಮೀಸೆಯಿಂದ ಮುಟ್ಟುತ್ತಾ ನಡೆಯಿತು. ಹೀಗೇ ಜೋಡಿ ಜೋಡಿಯಾಗಿ, ಮೊಟ್ಟೆ ಮರಿ ಕಚ್ಚಿಕೊಂಡು.

“ಹೊರಡಿ ಅಂತ ಯಾರೇ ಹೇಳೋರು?” ಅತ್ತೆ ಕೇಳಿದರು.

“ಯಾರೂ ಇಲ್ಲ ಅಜ್ಜಿ. ದಾರಿ ಗೊತ್ತಿರೋಳು ಗೊತ್ತಿಲ್ದೋಳನ್ನ ಕರ್ಕೊಂಡು ಹೋಗ್ತಾಳೆ, ಅಷ್ಟೇ.”

ಸೊಂಟದ ನೋವು ಮರೆತು ಅತ್ತೆ ನೆಲದ ಮೇಲೇ ಕೂತರು. ನಾನೂ ಕೂತೆ. ಗೂಡಿನ ಹತ್ತಿರ ಬಂದ ರಿಯಾಜ್ ಕರಣೆ ಎತ್ತಿದವನು ಹಾಗೇ ನಿಂತ. “ತಡೀರಿ ಅಮ್ಮಾ, ಇನ್ನೆರಡು ಬರ್ತಾವೆ!”

ಅವೆರಡೂ ದಾಟಿದವು. ಶ್ವೇತಾ ಮಣ್ಣುಗೈಯಲ್ಲೇ ಅಜ್ಜಿಯ ಮುಖ ಹಿಡಿದು ಕೆನ್ನೆಗೆ ಮುತ್ತು ಒತ್ತಿದಳು. ಎಲ್ಲರೂ ಚಪ್ಪಾಳೆ ತಟ್ಟಿ ಎದ್ದೆವು.

ಆಗ ಕಂಡಿತು. ನಾವು ನಾಲ್ವರೂ ಕಾಂಪೌಂಡ್ ಗೋಡೆಗೆ ಅಂಟಿಕೊಂಡಿದ್ದೇವೆ. ಮನೆ ಬಾಗಿಲು ಆಚೆ. ನಡುವೆ ಹಿತ್ತಲ ತುಂಬಾ ಹಸಿ ಸಿಮೆಂಟ್!

ಇರುವೆಗಳೇನೋ ಮನೆ ಸೇರಿದವು, ನಮ್ಮನ್ನು ಕರೆದುಕೊಂಡು ಹೋಗೋರು ಯಾರು?