ಸೋಲಾರ್ ಮೇಲಿನ ಸಂಡಿಗೆ

ನಮ್ಮೂರು ಕೋಗಿಲಿನಲ್ಲಿ ಮುನಿಯಕ್ಕನ ಗುಡಿಸಲಿಗೆ ಬೆಂಕಿ ಬಿದ್ದ ಮಧ್ಯಾಹ್ನ ಕರೆಂಟಿರಲಿಲ್ಲ. "ಯಾಕ್ರೋ ಬಾಯ್ ಬಡ್ಕೋತೀರ? ಕರೆಂಟ್ ಹೋದ್ರೆ ಸೋಲಾರ್ ಪಂಪ್ ಇಲ್ವಾ? ಕೆರೇನೇ ಎತ್ತಿ ಸುರೀತೀನಿ!" ಎಂದು ಹೀರೋನಂತೆ ಓಡಿ ಸ್ವಿಚ್ ಒತ್ತಿದೆ. ಪೈಪು ಮುದುಕನಂತೆ ಕೆಮ್ಮಿ ಸುಮ್ಮನಾಯಿತು. ಪಂಪ್‌ಹೌಸಿನ ತಾರಸಿ ಹತ್ತಿ ನೋಡಿದರೆ, ಬಿಸಿಲು ಹೀರಬೇಕಾದ ಸೋಲಾರ್ ಹಲಗೆಗಳ ಮೇಲೆ ಸೀರೆ ಹಾಸಿ, ಅರ್ಧ ಬೆಂಗಳೂರಿಗೆ ಬಡಿಸುವಷ್ಟು ಸಂಡಿಗೆ ಒಣಹಾಕಿದ್ದರು!

"ಯಾವ ಮಹಾತಾಯಿದು ಈ ಸಂಡಿಗೆ?" ಎಂದು ಮೇಲಿಂದಲೇ ಕೂಗಿದೆ.

ಕೆಳಗೆ ಖಾಲಿ ಬಿಂದಿಗೆ ಹಿಡಿದು ನಿಂತಿದ್ದ ಮುನಿಯಕ್ಕ, "ನಂದೇ ಕಣಪ್ಪಾ. ಮಗಳ ಮದ್ವೆಗೆ ಅಂತ ಬೆಳಿಗ್ಗೆ ನಾನೇ ಆಕ್ದೆ" ಎಂದರು.

ಸೀರೆ ಎಳೆದೆ, ನೀರು ಬಂತು. ಅಷ್ಟರಲ್ಲಿ ಗುಡಿಸಲು ಬೂದಿಯಾಗಿತ್ತು.

ಈಗ ತಾಯಿ, ಮಗಳು ಪಂಪ್‌ಹೌಸಿನೊಳಗೇ ಇದ್ದಾರೆ. ನಾನು ನೀರಿಗೆ ಹೋದರೆ ಮುನಿಯಕ್ಕನೇ ಸ್ವಿಚ್ ಒತ್ತುತ್ತಾರೆ. ಒತ್ತುವ ಮೊದಲು ತಾರಸಿ ಹತ್ತಿ, ಹಲಗೆಗಳ ಮೇಲೆ ಏನೂ ಇಲ್ಲವೆಂದು ನೋಡಿ ಬರುತ್ತಾರೆ.